ಪಾಂಪಾ ಬಯಲಿನಲ್ಲಿ ನಮ್ಮ ಮೂವತ್ತನೆಯ ವರ್ಷ

ಮದುವೆಯಾಗಿ ಮೂವತ್ತು ವರ್ಷ ತುಂಬುವ ದಿನವನ್ನು ಹಳೆಯ ಎಸ್ತಾನ್ಸಿಯಾ ಒಂದರಲ್ಲಿ ಕಳೆಯೋಣವೆಂದು ಮಗಳು ಹೇಳಿದಾಗ, ನನ್ನ ಹೆಂಡತಿ ಏನೂ ಮಾತಾಡದೆ ಒಳಗೆ ಹೋಗಿ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಚೀಲಕ್ಕೆ ಸೇರಿಸಿದಳು. ಎಸ್ತಾನ್ಸಿಯಾ ಎಂದರೆ ಆರ್ಜೆಂಟೀನಾದ ದನ ಸಾಕಣೆಯ ದೊಡ್ಡ ಜಮೀನು, ಅದರ ನಡುವೆ ಒಡೆಯನ ಮನೆ. ಅಲ್ಲಿನ ಊಟವೆಂದರೆ ಮಾಂಸ. ನಾವಿಬ್ಬರೂ ಶಾಕಾಹಾರಿಗಳು. ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಪಶುವೈದ್ಯನಾಗಿ ದುಡಿದು ನಿವೃತ್ತನಾದ ನನಗೆ ಆ ದೇಶದ ದನ, ಕುದುರೆಗಳನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ, ಅವಳಿಗೆ ಊಟದ ಚಿಂತೆ. ಎರಡಕ್ಕೂ ಕಾರಣವಿತ್ತು.

ಮಗಳು ಕೆಲಸ ಮಾಡುವ ಬ್ಯೂನಸ್ ಐರಿಸ್‌ನಿಂದ ವಾಯವ್ಯಕ್ಕೆ ಸುಮಾರು 110 ಕಿಲೋಮೀಟರ್ ದೂರದಲ್ಲಿ ಸಾನ್ ಆಂತೊನಿಯೊ ದೆ ಆರೇಕೊ ಎಂಬ ಸಣ್ಣ ಊರಿದೆ. ಕುದುರೆಯ ಮೇಲೆ ಕುಳಿತು ದನ ಕಾಯುವ ಗೌಚೊಗಳ ಸಂಪ್ರದಾಯಕ್ಕೆ ಅದು ತವರೂರೆಂದು ಹೆಸರಾಗಿದ್ದು, 1939ರಿಂದ ಅಲ್ಲಿ ನವೆಂಬರಿನಲ್ಲಿ ಸಂಪ್ರದಾಯದ ಹಬ್ಬ ನಡೆಯುತ್ತ ಬಂದಿದೆ. ಜನಜಂಗುಳಿ ಬೇಡವೆಂದು ನಾವು ಹಬ್ಬ ಮುಗಿದ ನಂತರದ ಶನಿವಾರ ಹೊರಟೆವು. ನಗರದ ಅಂಚು ದಾಟಿದ ಮೇಲೆ ಒಂದು ದಿಬ್ಬವಾಗಲಿ, ಒಂದು ಬಂಡೆಯಾಗಲಿ ಕಣ್ಣಿಗೆ ಬೀಳಲಿಲ್ಲ. ಡೋಣಿ ಸಾಲಿನ ಎರೆಹೊಲಗಳನ್ನು ನೋಡಿ ಬೆಳೆದ ನನಗೆ ಬಯಲು ಹೊಸದಲ್ಲ. ಆದರೆ ಅಲ್ಲಿಯೂ ದೂರದಲ್ಲೊಂದು ಗುಡಿಯ ಶಿಖರವೋ ಬೇವಿನ ಮರವೋ ಕಾಣುತ್ತದೆ. ಇಲ್ಲಿ ಅದೂ ಇರಲಿಲ್ಲ. ದನಗಳ ಹಿಂಡನ್ನು ನಿರೀಕ್ಷಿಸಿ ಕಿಟಕಿಗೆ ಮುಖವಿಟ್ಟು ಕುಳಿತವನಿಗೆ ದಾರಿಯುದ್ದಕ್ಕೂ ಕಂಡದ್ದು ಹೆಚ್ಚಾಗಿ ಬಣ್ಣ ತಿರುಗುತ್ತಿದ್ದ ಗೋಧಿ ಮತ್ತು ಆಗತಾನೆ ಮೊಳೆತ ಸೋಯಾ.

ಮರದ ಅಗಲವಾದ ಗೇಟನ್ನು ದಾಟಿ, ಎರಡೂ ಬದಿಗೆ ನೀಲಗಿರಿ ಮರಗಳಿದ್ದ ಮಣ್ಣಿನ ದಾರಿಯಲ್ಲಿ ಸಾಗಿ ನಾವು ಮನೆಯ ಮುಂದೆ ಇಳಿದೆವು. ಒಂದೇ ಅಂತಸ್ತಿನ, ದಪ್ಪ ಗೋಡೆಯ, ಉದ್ದನೆಯ ಪಡಸಾಲೆಯ ಮನೆ. ಭೂಮಿಯ ಆ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುವುದರಿಂದ ಚಳಿಗಾಲದ ಬಿಸಿಲಿಗಾಗಿ ಪಡಸಾಲೆಯನ್ನು ಉತ್ತರಕ್ಕೆ ತೆರೆದಿದ್ದರು. "ಉತ್ತರ ಅಂದ್ರ ಕುಬೇರನ ದಿಕ್ಕು, ಅದಕ್ಕ ಇವ್ರು ಇಷ್ಟು ಶ್ರೀಮಂತ ಆಗ್ಯಾರ" ಎಂದು ಹೆಂಡತಿ ತೀರ್ಪು ಕೊಟ್ಟಳು. ಅಂಗಳದಲ್ಲಿ ಆನೆಯ ಪಾದದಂತೆ ಬುಡ ಹರಡಿದ ಓಂಬು ಮರವಿತ್ತು. ಅದರ ಕಾಂಡ ಮೆತ್ತಗಿನ ನಾರಿನದಾದ್ದರಿಂದ ಅದು ತೊಲೆಗೂ ಬಾರದು, ಸೌದೆಗೂ ಬಾರದು, ನೆರಳಿಗೆ ಮಾತ್ರ ಎಂದು ಮನೆಯಾಕೆ ವಿವರಿಸಿದರು. ಬೇಲಿಗಂಬದ ತಲೆಯ ಮೇಲೆ ಓರ್ನೆರೊ ಹಕ್ಕಿಯೊಂದು ಕೆಸರಿನಿಂದ ಪುಟ್ಟ ಒಲೆಯಂಥ ಗೂಡು ಕಟ್ಟಿಕೊಂಡಿತ್ತು.

ಬಂದವರಿಗೆ ಮೊದಲು ಮಾತೆ. ಸೋರೆಬುರುಡೆಯಲ್ಲಿ ಯೆರ್ಬಾ ಎಲೆಯ ಪುಡಿ ತುಂಬಿ, ಬಿಸಿನೀರು ಹೊಯ್ದು, ಲೋಹದ ಕೊಳವೆಯೊಂದನ್ನು ನೆಟ್ಟು ಕೊಡುವ ಈ ಕಹಿ ಪಾನೀಯವನ್ನು ಒಂದೇ ಬುರುಡೆಯಿಂದ ಎಲ್ಲರೂ ಸರದಿಯಂತೆ ಹೀರುತ್ತಾರೆ. ಎಂಜಲಿನ ವಿಷಯದಲ್ಲಿ ಕಟ್ಟುನಿಟ್ಟಾದ ಹೆಂಡತಿ ನಗುತ್ತಲೇ ತಪ್ಪಿಸಿಕೊಂಡಳು. ನಾನು ಕುಡಿದೆ, ಬೇವಿನ ಕಷಾಯ ಕುಡಿದು ಬೆಳೆದ ನಾಲಿಗೆಗೆ ಅದು ಹಿಡಿಸಿತು. ಬುರುಡೆಯನ್ನು ಮರಳಿ ಕೊಡುವಾಗ, ಕಲಿತಿದ್ದ ಒಂದೇ ಒಂದು ಸ್ಪ್ಯಾನಿಷ್ ಪದವನ್ನು ಸಂಭ್ರಮದಿಂದ ಬಳಸಿ "ಗ್ರಾಸಿಯಾಸ್" ಎಂದೆ. ಆಮೇಲೆ ಬುರುಡೆ ಎಷ್ಟು ಸುತ್ತು ಬಂದರೂ ನನ್ನ ಸರದಿ ಬರಲೇ ಇಲ್ಲ. ಮಾತೆಯ ಮುಂದೆ ಧನ್ಯವಾದ ಹೇಳಿದರೆ "ಸಾಕು, ಇನ್ನು ಬೇಡ" ಎಂದರ್ಥವೆಂದು ಮಗಳು ತಿಳಿಸುವಷ್ಟರಲ್ಲಿ ಫ್ಲಾಸ್ಕಿನ ನೀರು ಮುಗಿದಿತ್ತು.

ನಾವು ಮಾಂಸ ತಿನ್ನುವುದಿಲ್ಲವೆಂದು ಮಗಳು ಬರೆದಿದ್ದ ಸಂದೇಶ ಅಡುಗೆಯವರಿಗೆ ತಲುಪಿರಲಿಲ್ಲ. ಹಿತ್ತಲಲ್ಲಿ ಶಿಲುಬೆಯಾಕಾರದ ಕಬ್ಬಿಣಕ್ಕೆ ಪಕ್ಕೆಲುಬುಗಳನ್ನು ಕಟ್ಟಿ, ಬೆಂಕಿಯತ್ತ ವಾಲಿಸಿ, ಬೆಳಗಿನಿಂದ ನಿಧಾನವಾಗಿ ಬೇಯಿಸುತ್ತಿದ್ದ ಆಸಾದೊ ಸಿದ್ಧವಾಗುವ ಹೊತ್ತಿಗೆ ವಿಷಯ ತಿಳಿದು, ಬೆಂಕಿ ನೋಡಿಕೊಳ್ಳುವಾತ ಒಂದು ಕ್ಷಣ ನಮ್ಮನ್ನು ಕರುಣೆಯಿಂದ ನೋಡಿದ. ಬಳಿಕ ಮಾಂಸ ತಾಗದ ಬೇರೊಂದು ಕಾವಲಿಯನ್ನು ತರಿಸಿ, ಕೆಂಡವನ್ನು ಒಂದು ಬದಿಗೆ ಎಳೆದು, ದಪ್ಪ ಗಿಣ್ಣಿನ ಬಿಲ್ಲೆಗಳನ್ನೂ ಕುಂಬಳದ ಹೋಳುಗಳನ್ನೂ ಕೆಂಪು ದೊಣ್ಣೆಮೆಣಸಿನಕಾಯಿಗಳನ್ನೂ ಸುಟ್ಟು ಕೊಟ್ಟ. ಪ್ರೊವೊಲೇತಾ ಎಂಬ ಆ ಗಿಣ್ಣು ಹೊರಗೆ ಗರಿಗರಿಯಾಗಿ, ಒಳಗೆ ಎಳೆಎಳೆಯಾಗಿ ಕರಗಿರುತ್ತದೆ. ಹೆಂಡತಿ ಅದರ ಮೇಲೆ ಶೇಂಗಾಪುಡಿ ಉದುರಿಸಿಕೊಂಡದ್ದನ್ನು ಕಂಡು ಆತ ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದುಕೊಂಡು ನೆಕ್ಕಿದ, ಕೆಮ್ಮಿದ, ಮತ್ತೆ ಕೈ ಚಾಚಿದ. ಶೇಂಗಾ ಎಂದರೆ "ಮಾನಿ" ಎಂದು ಮಗಳು ಅನುವಾದಿಸಿದಳು. ನೆಲಗಡಲೆಯ ಮೂಲ ನೆಲೆ ದಕ್ಷಿಣ ಅಮೆರಿಕವೇ, ಬೊಲಿವಿಯಾ ಮತ್ತು ಉತ್ತರ ಆರ್ಜೆಂಟೀನಾದ ಆಸುಪಾಸು. ಹೀಗೆ ನಮ್ಮ ಡಬ್ಬಿಯಲ್ಲಿದ್ದದ್ದು ಬ್ಯಾಡಗಿ ಮೆಣಸಿನಕಾಯಿಯ ಜೊತೆಗೂಡಿ ತವರಿಗೆ ಮರಳಿದ ಕಾಳು. ಮೆಣಸಿನಕಾಯಿಯ ತವರೂ ಅಮೆರಿಕ ಖಂಡಗಳೇ ಎಂಬುದು ಹೊಳೆದಾಗ ನಮ್ಮದೆನ್ನಲು ಉಪ್ಪು, ಬೆಳ್ಳುಳ್ಳಿಗಳಷ್ಟೇ ಉಳಿದವು.

ಊಟದ ನಂತರ ಪ್ರದರ್ಶನ. ಅಗಲವಾದ ಬೊಂಬಾಚಾ ಇಜಾರ, ಚಪ್ಪಟೆ ಟೋಪಿ, ಸೊಂಟಕ್ಕೆ ಬೆಳ್ಳಿ ನಾಣ್ಯಗಳ ಪಟ್ಟಿ, ಬೆನ್ನಿಗೆ ಅಡ್ಡಲಾಗಿ ಸಿಕ್ಕಿಸಿದ ಚೂರಿ, ಹೀಗೆ ಸಿಂಗರಿಸಿಕೊಂಡು ನಾಲ್ವರು ಸವಾರರು ಬಂದರು. ಕಮಾನಿನಿಂದ ತೂಗುವ ಬೆರಳುಂಗುರದಷ್ಟು ಸಣ್ಣ ಬಳೆಯನ್ನು, ಕುದುರೆ ನಾಗಾಲೋಟದಲ್ಲಿರುವಾಗ ರಿಕಾಪಿನ ಮೇಲೆ ಎದ್ದು ನಿಂತು, ಪೆನ್ಸಿಲಿನಂಥ ಕಡ್ಡಿಯಿಂದ ಕೊಂಡೊಯ್ಯುವ ಆಟವೇ ಸೊರ್ತೀಹಾ. ಗೆದ್ದವನು ಉಂಗುರವನ್ನು ಹೆಣ್ಣುಮಗಳೊಬ್ಬಳಿಗೆ ಕೊಡುವುದು ವಾಡಿಕೆ. ಅವರಲ್ಲಿ ಹಿರಿಯನಾದ, ನನ್ನದೇ ವಯಸ್ಸಿನ ಸವಾರ ನಮ್ಮ ಮದುವೆಯ ದಿನವೆಂದು ಯಾರಿಂದಲೋ ತಿಳಿದು, ಕುದುರೆಯಿಂದ ಬಾಗಿ ಉಂಗುರವನ್ನು ನನ್ನ ಹೆಂಡತಿಯ ಅಂಗೈಗೆ ಹಾಕಿದ. "ಕಾಲುಂಗುರ ಮಾಡ್ಕೋಬಹುದು ನೋಡ್ರಿ" ಎಂದು ಅವಳು ನನಗೆ ತೋರಿಸಿದಳು. ಸುತ್ತಲಿನವರು ಚಪ್ಪಾಳೆ ತಟ್ಟಿದರು, ಫೋನುಗಳು ಮೇಲೆದ್ದವು.

ನನ್ನ ಕಣ್ಣು ಕುದುರೆಯ ಮೇಲಿತ್ತು. ಗಿಡ್ಡ ಕಾಲಿನ, ದಪ್ಪ ಕತ್ತಿನ, ಗಟ್ಟಿಮುಟ್ಟಾದ ಕ್ರಿಯೋಷೊ ತಳಿ. 1925ರಿಂದ 1928ರವರೆಗೆ ಎಮೆ ಚಿಫೆಲಿ ಎಂಬ ಸ್ವಿಸ್ ಮೂಲದ ಶಿಕ್ಷಕ ಈ ತಳಿಯ ಎರಡು ಕುದುರೆಗಳೊಂದಿಗೆ ಬ್ಯೂನಸ್ ಐರಿಸ್‌ನಿಂದ ಅಮೆರಿಕ ಸಂಯುಕ್ತ ಸಂಸ್ಥಾನದವರೆಗೆ ಪಯಣಿಸಿದ್ದನ್ನು ಓದಿದ್ದೆ. ಸವಾರ ಲಗಾಮನ್ನು ಒಂದೇ ಕೈಯಲ್ಲಿ ಸಡಿಲವಾಗಿ ಹಿಡಿದಿದ್ದ. ಬಾಯಿಯನ್ನು ಎಳೆಯದೆ, ಕತ್ತಿಗೆ ಪಟ್ಟಿ ಸೋಕಿಸಿ ಪ್ರಾಣಿಯನ್ನು ತಿರುಗಿಸುತ್ತಿದ್ದ. ಆಟ ಮುಗಿದ ಮೇಲೆ ಅವನನ್ನು ಮಾತಾಡಿಸಿದೆವು. ತಂದೆಯ ಕಾಲದಲ್ಲಿ ಹಿಂಡುಗಳನ್ನು ಕುದುರೆಯ ಮೇಲೆ ದಿನಗಟ್ಟಲೆ ನಡೆಸಿಕೊಂಡು ಹೋಗುತ್ತಿದ್ದರಂತೆ. ಈಗ ಬೇಲಿಯಾಚೆಯ ಹೊಲವನ್ನೆಲ್ಲ ಸೋಯಾ ಬೆಳೆಯುವವರಿಗೆ ಗುತ್ತಿಗೆಗೆ ಕೊಟ್ಟಿದ್ದು, ಉಳಿದಿರುವುದು ಸುಮಾರು ಇನ್ನೂರು ಕಪ್ಪು ಆಂಗಸ್ ದನಗಳು ಮತ್ತು ಶನಿವಾರದ ಅತಿಥಿಗಳು. ಈ ಬಯಲು ಹೀಗೆ ಬದಲಾದದ್ದು ಇದೇ ಮೊದಲಲ್ಲ. 1840ರ ದಶಕದಲ್ಲಿ ತಂತಿ ಬೇಲಿ ಬರುವವರೆಗೆ ದನಗಳು ಎಲ್ಲೆಯಿಲ್ಲದೆ ಅಲೆಯುತ್ತಿದ್ದವು; 1876ರಲ್ಲಿ ಶೀತಲ ಯಂತ್ರ ಹೊತ್ತ ಫ್ರೆಂಚ್ ಹಡಗೊಂದು ಬ್ಯೂನಸ್ ಐರಿಸ್ ಬಂದರಿಗೆ ಬಂದ ಮೇಲೆ, ಅದುವರೆಗೆ ಚರ್ಮ, ಕೊಬ್ಬು, ಉಪ್ಪುಮಾಂಸಗಳಿಗಷ್ಟೇ ಬೆಲೆಯಿದ್ದ ದನ ಯುರೋಪಿನ ಊಟದ ಮೇಜಿಗೆ ಹೊರಟಿತು.

ನಮ್ಮೂರ ಕೃಷ್ಣಾ ಕಣಿವೆ ಎತ್ತುಗಳ ವಿಷಯವನ್ನು ನಾನು ಅವನಿಗೆ ಹೇಳಿದೆ. ಎರೆಮಣ್ಣಿನಲ್ಲಿ ಭಾರದ ಕುಂಟೆ ಎಳೆಯಲೆಂದೇ ಬೆಳೆಸಿದ ತಳಿ ಅದು. ಈಗ ಉಳುವುದು ಟ್ರ್ಯಾಕ್ಟರ್, ಎತ್ತುಗಳನ್ನು ಹಲವರು ಸಾಕುವುದು ಜಾತ್ರೆಯ ಕಲ್ಲು ಎಳೆಯುವ ಪಂದ್ಯಕ್ಕೆ, ಕಾರಹುಣ್ಣಿಮೆಯ ಕರಿ ಹರಿಯುವುದಕ್ಕೆ. ಬ್ರಾಹ್ಮನ್ ಎಂಬ ಅಮೆರಿಕನ್ ತಳಿಯಲ್ಲಿ ಗೀರ್, ಕಾಂಕ್ರೇಜ್, ಓಂಗೋಲ್‌ಗಳೊಡನೆ ಕೃಷ್ಣಾ ಕಣಿವೆಯ ರಕ್ತವೂ ಸೇರಿದೆ. ಆ ಬ್ರಾಹ್ಮನ್‌ಗೆ ಆಂಗಸ್ ಬೆರೆಸಿದ ಬ್ರಾಂಗಸ್ ದನಗಳನ್ನು ಆರ್ಜೆಂಟೀನಾದ ಉತ್ತರದ ಸೆಕೆ ನಾಡಿನಲ್ಲಿ ಸಾಕುತ್ತಾರೆ. ಇದನ್ನು ಕೇಳಿ ಅವನು ಒಮ್ಮೆ ಹುಬ್ಬೇರಿಸಿದ. ನಾಣ್ಯದ ಪಟ್ಟಿ ಮಾತ್ರ ಭಾರವೆಂದೂ, ಪ್ರವಾಸಿಗರಿಗಾಗಿ ಕಟ್ಟಿಕೊಳ್ಳುವುದೆಂದೂ ಹೇಳಿ ಹೋದ.

ರಾತ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆನೆಗಟ್ಟಿದ ಹಾಲು, ಸಕ್ಕರೆ ಕಾಯಿಸಿದ ದುಲ್ಸೆ ದೆ ಲೆಚೆಯನ್ನು ಕೇಕಿನ ಮೇಲೆ ಹರಡಿ ತಂದರು. ಹೆಂಡತಿಯ ಪ್ರಕಾರ ಅದು ತಳ ಹತ್ತಿದ ಬಾಸುಂದಿ, ಆದರೆ ಎರಡು ಸಲ ಹಾಕಿಸಿಕೊಂಡಳು. ಮಧ್ಯರಾತ್ರಿ ಅಂಗಳಕ್ಕೆ ಬಂದು ಆಕಾಶ ನೋಡಿದರೆ ನಕ್ಷತ್ರಪುಂಜದ ಮಹಾವ್ಯಾಧ ತಲೆಕೆಳಗಾಗಿ ನಿಂತಿದ್ದ.

ಬೆಳಿಗ್ಗೆ ಐದೂವರೆಗೆ ಎಚ್ಚರವಾಯಿತು. ನಮ್ಮ ಟಿಟ್ಟಿಭದ ಹತ್ತಿರದ ಬಂಧುವಾದ ತೇರೊ ಹಕ್ಕಿಗಳು ಕೂಗುತ್ತಿದ್ದವು. ಲಾಯದ ಮುಂದೆ ಅದೇ ಹಿರಿಯ ಸವಾರ, ಈಗ ಮಾಸಿದ ಸ್ವೆಟರಿನಲ್ಲಿ, ಹೆಣ್ಣು ಕುದುರೆಯೊಂದರ ಮುಂಗಾಲನ್ನು ಮಂಡಿಗಳ ನಡುವೆ ಹಿಡಿದು ಬಾಗಿದ್ದ. ನನ್ನ ಕಾಲು ತಾನಾಗಿ ಅತ್ತ ನಡೆಯಿತು. ಮಗಳು ಇನ್ನೂ ಎದ್ದಿರಲಿಲ್ಲವಾದ್ದರಿಂದ ನಮ್ಮಿಬ್ಬರ ನಡುವೆ ಭಾಷೆಯೇ ಇರಲಿಲ್ಲ. ನಾನು ಗೊರಸನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದೆ. ಒಂದೆಡೆ ಕುದುರೆ ಮೈ ನಡುಗಿಸಿತು. ಅವನು ಚೂರಿಯ ತುದಿಯಿಂದ ಅಲ್ಲಿ ತೆಳುವಾಗಿ ಹೆರೆದಾಗ ತುಕ್ಕು ಹಿಡಿದ ಬೇಲಿತಂತಿಯ ತುಂಡೊಂದು, ಉಗುರಿನಷ್ಟು ಉದ್ದದ್ದು, ಹೊರಬಂತು. ಹಿಂದೆಯೇ ಒಂದೆರಡು ಹನಿ ಕಪ್ಪು ಕೀವು. ಹೆಚ್ಚು ಆಳಕ್ಕೆ ಹೋಗಿರಲಿಲ್ಲ. ಕುದುರೆಗಳಿಗೆ ಧನುರ್ವಾಯುವಿನ ಭಯ ಹೆಚ್ಚಾದ್ದರಿಂದ, "ಟೆಟನಸ್?" ಎಂದು ಕೇಳಿ ತೋಳಿಗೆ ಸೂಜಿ ಚುಚ್ಚುವಂತೆ ನಟಿಸಿದೆ. "ತೇತಾನೋಸ್, ಸೀ, ಸೀ" ಎಂದು ಅವನು ತಲೆಯಾಡಿಸಿ, ಒಳಗಿನಿಂದ ಎಣ್ಣೆಕಲೆಗಳ ನೋಟುಪುಸ್ತಕ ತಂದು, ಲಸಿಕೆ ಹಾಕಿಸಿದ ತಿಂಗಳನ್ನು ಬೆರಳಿಟ್ಟು ತೋರಿಸಿದ. ಅವನು ಕಾಲು ಹಿಡಿದ, ನಾನು ಗಾಯ ತೊಳೆದು ಅಯೋಡಿನ್ ಹಚ್ಚಿದೆ, ಇಬ್ಬರೂ ಸೇರಿ ಬಟ್ಟೆ ಸುತ್ತಿದೆವು.

ಆಮೇಲೆ ಅವನು ಲಾಯದ ಕಟ್ಟೆಯ ಮೇಲೆ ಕುಳಿತು ಕೆಟಲಿನಿಂದ ನೀರು ಹೊಯ್ದು, ಮೊದಲ ಕಹಿಯನ್ನು ತಾನೇ ಹೀರಿ, ಎರಡನೆಯದನ್ನು ನನ್ನತ್ತ ಚಾಚಿದ. ಕುಡಿದು ಬುರುಡೆಯನ್ನು ಹಿಂದಿರುಗಿಸಿದೆ. ಹೆಂಡತಿ ಹುಡುಕಿಕೊಂಡು ಬರುವವರೆಗೆ ಅದು ನಮ್ಮ ನಡುವೆ ಆರು ಸಲ ಹೋಗಿ ಬಂತು. ನಾನು ಗ್ರಾಸಿಯಾಸ್ ಎನ್ನಲಿಲ್ಲ.