ಎರಡು ಸೈಕಲ್‌ಗೆ ಒಂದೇ ಜೊತೆ ಪೆಡಲ್

ಶನಿವಾರ ರಾತ್ರಿ ಊಟ ಆದ ಮೇಲೆ ನಮ್ಮ ಮನೆ ವರಾಂಡದಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ತುಳಿಯುವ ಶಕ್ತಿ ಅಳೆಯುವ ಪವರ್ ಮೀಟರ್ ಪೆಡಲನ್ನು ಮಗಳ ಸೈಕಲ್‌ನಿಂದ ಬಿಚ್ಚಿ ನನ್ನ ಸೈಕಲ್‌ಗೆ ಹಾಕುವುದು. ಭಾನುವಾರ ಮಧ್ಯಾಹ್ನ ಮತ್ತೆ ಅದೇ ಕೆಲಸ, ಉಲ್ಟಾ. 8 ಎಂಎಂ ಅಲೆನ್ ಕೀ, ಹಳೇ ಬನಿಯನ್ ತುಂಡು, ಸ್ವಲ್ಪ ಗ್ರೀಸ್. ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷಕ್ಕೆ ಬಂದು ನಿಲ್ಲುವ ಮೊದಲು ಅಪ್ಪ ಮಗಳು ಇಬ್ಬರೂ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆವು.

ಮಗಳಿಗೆ 17. ಪಿಯುಸಿ ಓದುತ್ತಾಳೆ, ರೋಡ್ ರೇಸ್‌ಗೆ ತಯಾರಿ ಮಾಡುತ್ತಾಳೆ. ಅವಳ ಕೋಚ್ ವಿಜಯಪುರದ ಕಡೆಯವರು. ವಿಜಯಪುರ, ಬಾಗಲಕೋಟೆ ಅಂದರೆ ನಮ್ಮ ರಾಜ್ಯದ ಸೈಕ್ಲಿಂಗ್‌ಗೆ ತವರುಮನೆ ಇದ್ದ ಹಾಗೆ. ಅವರು ಫೋನಿನಲ್ಲೇ ವಾರದ ಲೆಕ್ಕ ಹಾಕಿ ಕೊಡುತ್ತಾರೆ. ನಾನು ಅವಳ ಸ್ಪೀಡ್ ಬರೆದು ಕಳಿಸುತ್ತಿದ್ದೆ. ಒಂದು ದಿನ ಅವರು, "ಸ್ಪೀಡ್ ಬ್ಯಾಡ್ರೀ ಸರ, ವ್ಯಾಟ್ ಕಳಸ್ರಿ" ಅಂದರು.

ವ್ಯಾಟ್ ಅಂದರೆ ಕಾಲು ಹಾಕುವ ಶಕ್ತಿಯ ಅಳತೆ. ಅವರು ಹೇಳಿದ್ದು ಸರಿಯಾಗಿತ್ತು. ನಂಜನಗೂಡು ರಸ್ತೆಯಲ್ಲಿ ಎದುರುಗಾಳಿ ಇದ್ದ ದಿನ 24 ಕಿಲೋಮೀಟರ್ ಸ್ಪೀಡಿಗೇ ಅವಳು ಏದುಸಿರು ಬಿಡುತ್ತಾಳೆ. ಅದೇ ಗಾಳಿ ಬೆನ್ನಿಗಿದ್ದರೆ 36ರಲ್ಲಿ ಹಾಡು ಹೇಳಿಕೊಂಡು ಬರುತ್ತಾಳೆ. ಎದೆಬಡಿತ ನೋಡೋಣ ಅಂದರೆ ಅದು ಯಾವಾಗಲೂ ತಡ. ಜೋರಾಗಿ ತುಳಿದು ಅರ್ಧ ನಿಮಿಷ ಆದ ಮೇಲೆ ಏರುತ್ತದೆ. ಕಾಲು ಆ ಕ್ಷಣ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದನ್ನು ನೇರವಾಗಿ ಹೇಳುವುದು ಪವರ್ ಮೀಟರ್ ಒಂದೇ. ಒಳಗೆ ಸ್ಟ್ರೇನ್ ಗೇಜ್ ಅನ್ನುವ ತೆಳುವಾದ ಪಟ್ಟಿಗಳಿರುತ್ತವೆ. ನಾವು ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಜೊತೆ ಪಟ್ಟಿಯೂ ಎಳೆದುಕೊಂಡು, ಅದರೊಳಗೆ ಹರಿಯುವ ವಿದ್ಯುತ್ತಿಗೆ ಅಡ್ಡಿ ಬದಲಾಗುತ್ತದೆ. ಅದರಿಂದ ಬಲ ಗೊತ್ತಾಗುತ್ತದೆ. ಆ ಬಲ ಮತ್ತು ಕಾಲು ಸುತ್ತುವ ವೇಗ ಸೇರಿಸಿ ವ್ಯಾಟ್ ಲೆಕ್ಕ ಹಾಕುತ್ತದೆ. ಜರ್ಮನಿಯ ಉಲ್ರಿಚ್ ಶೋಬೆರರ್ ಅನ್ನುವ ಇಂಜಿನಿಯರ್ 1986ರಲ್ಲಿ ಎಸ್‌ಆರ್‌ಎಂ ಕಂಪನಿ ಶುರು ಮಾಡಿ ಇದನ್ನು ಸೈಕಲ್ಲಿಗೆ ತಂದವರು. ಆಗ ದೊಡ್ಡ ದೊಡ್ಡ ರೇಸರ್‌ಗಳಿಗೆ ಮಾತ್ರ ಸಿಗುತ್ತಿದ್ದದ್ದು ಈಗ ಮೈಸೂರಿನ ಒಂದು ವರಾಂಡಕ್ಕೂ ಬಂದಿದೆ ಅಂದರೆ ನನಗೆ ನಿಜವಾಗಿ ಖುಷಿ.

ನನಗೂ ಅದು ಬೇಕಿತ್ತು. ಬಿಪಿ ಬಂದ ಮೇಲೆ ಡಾಕ್ಟರು ಸೈಕಲ್ ಬಿಡಬೇಡಿ, ಆದರೆ ಏರಿನಲ್ಲಿ ಮಿತಿ ಮೀರಬೇಡಿ ಅಂದಿದ್ದರು. ಮಿತಿ ಎಲ್ಲಿದೆ ಅಂತ ಕಣ್ಣಿಗೆ ಕಾಣಬೇಕಲ್ಲ? ನಾನು ಓಡಿಸುವುದು ಭಾನುವಾರ ಮಾತ್ರ. ಅವಳಿಗೆ ಭಾನುವಾರ ರಜೆ. ಎರಡು ಮೀಟರ್ ಕೊಳ್ಳುವಷ್ಟು ದುಡ್ಡಿರಲಿಲ್ಲ. ಹಾಗಾಗಿ ಒಂದೇ ಮೀಟರ್, ಎರಡು ಸೈಕಲ್.

ಮೊದಲು ಕಣ್ಣಿಗೆ ಬಿದ್ದದ್ದು ಎಡಗಡೆ ಕ್ರ್ಯಾಂಕ್ ಮೀಟರ್. ಕ್ರ್ಯಾಂಕ್ ಅಂದರೆ ತುದಿಯಲ್ಲಿ ಪೆಡಲ್ ಕೂರುವ ತೋಳು. ಎಲ್ಲಕ್ಕಿಂತ ಅಗ್ಗ. ಎಡಗಡೆಯ ಕ್ರ್ಯಾಂಕ್ ಬಿಚ್ಚಿ, ಮೀಟರ್ ಅಂಟಿಸಿದ ಇನ್ನೊಂದು ಕ್ರ್ಯಾಂಕ್ ಹಾಕಿದರೆ ಆಯಿತು. ನಮ್ಮ ಎರಡೂ ಸೈಕಲ್‌ನಲ್ಲಿ ಇರುವುದು ಶಿಮಾನೋ ಕಂಪನಿಯ 105 ಅನ್ನುವ ಮಾದರಿಯ ಕ್ರ್ಯಾಂಕ್. ನಡುವಿನ ಆಕ್ಸಲ್ ಎರಡರಲ್ಲೂ 24 ಎಂಎಂ. ಅಂದರೆ ಒಂದರದ್ದು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಗೆಳೆಯರೊಬ್ಬರು ಸೆಕೆಂಡ್ ಹ್ಯಾಂಡ್ ಒಂದು ಇದೆ, ತೊಗೊಳ್ಳಿ ಅಂದರು. ದುಡ್ಡು ಕೊಡುವುದೊಂದು ಬಾಕಿ. ಅವತ್ತು ಸಂಜೆ ಮಗಳು ಕ್ರ್ಯಾಂಕ್‌ನ ಒಳಮೈ ಒರೆಸುತ್ತಾ, "ಅಪ್ಪಾ, ನಂದ್ರಲ್ಲಿ 165 ಅಂತ ಇದೆ. ನಿಂದ್ರಲ್ಲಿ ಎಷ್ಟು?" ಅಂತ ಕೇಳಿದಳು. ನಾನು ಬಗ್ಗಿ ನೋಡಿದೆ. 172.5.

ಅದು ಕ್ರ್ಯಾಂಕ್‌ನ ಉದ್ದ, ಮಿಲಿಮೀಟರ್‌ನಲ್ಲಿ. ಅವಳು ನನಗಿಂತ ಒಂದು ಗೇಣು ಕುಳ್ಳು, ಕಾಲು ಚಿಕ್ಕದು, ಅದಕ್ಕೆ ಚಿಕ್ಕ ಕ್ರ್ಯಾಂಕ್. ಒಂದೇ ಎಡ ಕ್ರ್ಯಾಂಕ್ ಹಂಚಿಕೊಂಡರೆ ಇಬ್ಬರಲ್ಲಿ ಒಬ್ಬರು ಎಡಗಾಲಿಗೆ ಒಂದು ಅಳತೆ, ಬಲಗಾಲಿಗೆ ಇನ್ನೊಂದು ಅಳತೆ ಇಟ್ಟುಕೊಂಡು ತುಳಿಯಬೇಕು. ಏಳೂವರೆ ಮಿಲಿಮೀಟರ್ ತಾನೇ ಅನ್ನಬಹುದು. ಗಂಟೆಗೆ ಐದು ಸಾವಿರ ಸುತ್ತು ತುಳಿಯುವ ಮಂಡಿಗೆ ಅದು ಸಣ್ಣದಲ್ಲ. ಆ ಮಾತು ಅಲ್ಲಿಗೇ ಬಿಟ್ಟೆವು.

ಬಿಡಲು ಇನ್ನೊಂದು ಕಾರಣವೂ ಇತ್ತು. ಏಳನೇ ಕ್ಲಾಸಿನಲ್ಲಿ ಅವಳ ಬಲಗಾಲು ಮುರಿದಿತ್ತು. ಇವತ್ತಿಗೂ ಬಲ ಮೀನಖಂಡ ಎಡಕ್ಕಿಂತ ಸ್ವಲ್ಪ ಸಣ್ಣ. ಎಡಗಡೆ ಮೀಟರ್ ಎಡಗಾಲನ್ನು ಮಾತ್ರ ಅಳೆದು ಎರಡರಿಂದ ಗುಣಿಸುತ್ತದೆ. ಬಲಗಾಲೂ ಅಷ್ಟೇ ದುಡಿಯುತ್ತಿದೆ ಅಂತ ಅಂದುಕೊಂಡುಬಿಡುತ್ತದೆ. ಆಮೇಲೆ ಅಳೆದಾಗ ಗೊತ್ತಾಯಿತು, ಅವಳದ್ದು ಎಡ ಶೇಕಡ 53, ಬಲ ಶೇಕಡ 47. ನಿಜವಾಗಿ 180 ವ್ಯಾಟ್ ತುಳಿದರೆ ಎಡಗಡೆ ಮೀಟರ್ 191 ತೋರಿಸುತ್ತಿತ್ತು. ನಾವು ಸರಿ ಮಾಡಬೇಕಾಗಿದ್ದ ಕಾಲನ್ನೇ ಅದು ನೋಡುತ್ತಿರಲಿಲ್ಲ.

ಹಿಂದಿನ ಚಕ್ರದ ನಡುಭಾಗದಲ್ಲಿ, ಅಂದರೆ ಹಬ್‌ನಲ್ಲಿ, ಕೂರುವ ಮೀಟರ್‌ಗಳೂ ಇವೆ. ಚಕ್ರ ಬದಲಿಸಿದರೆ ಮುಗಿಯಿತು. ಆದರೆ ನನ್ನದು ಹಳೇ ರಿಮ್ ಬ್ರೇಕ್ ಸೈಕಲ್, ಅವಳದ್ದು ಡಿಸ್ಕ್. ಚಕ್ರದ ಅಗಲವೂ ಬೇರೆ, ಆಕ್ಸಲ್ಲೂ ಬೇರೆ. ಇನ್ನು ಚೈನ್ ಓಡುವ ಮುಂದಿನ ಹಲ್ಲಿನ ಚಕ್ರ, ಅಂದರೆ ಚೈನ್‌ರಿಂಗ್, ಕೂರುವ ಭಾಗದಲ್ಲಿರುವ ಸ್ಪೈಡರ್ ಮೀಟರ್ ಬಿಚ್ಚಬೇಕಾದರೆ ಚೈನ್‌ರಿಂಗ್ ಸಮೇತ ಕ್ರ್ಯಾಂಕ್ ಬಿಚ್ಚಬೇಕು. ವಾರಕ್ಕೆ ಎರಡು ಸಲ ಯಾರು ಮಾಡುತ್ತಾರೆ?

ಉಳಿದದ್ದು ಪೆಡಲ್. ಯಾವ ಕಂಪನಿಯ ರೋಡ್ ಸೈಕಲ್ ಆಗಲಿ, ಯಾವ ಕ್ರ್ಯಾಂಕ್ ಆಗಲಿ, ಪೆಡಲ್ ಕೂರುವ ತೂತು ಮಾತ್ರ ಒಂದೇ ಅಳತೆ, 9/16 ಇಂಚು. ಬೇರೆಲ್ಲಾ ಬೇರೆಬೇರೆಯಾಗಿರುವ ಎರಡು ಸೈಕಲ್‌ಗಳ ನಡುವೆ ಇದೊಂದು ಸಮ. ಇಟಲಿಯ ಫವೆರೋ ಕಂಪನಿಯ ಅಸಿಯೋಮಾ ಡ್ಯುಯೋ ತೊಗೊಂಡೆವು. ಎರಡೂ ಪೆಡಲ್‌ನಲ್ಲಿ ಸೆನ್ಸರ್ ಇದೆ, ಎರಡೂ ಕಾಲನ್ನು ಬೇರೆಬೇರೆ ಅಳೆಯುತ್ತದೆ. ಚಾರ್ಜ್ ಮಾಡಿಕೊಳ್ಳಬಹುದು. ಹಾಕುವಾಗ ಇಷ್ಟೇ ಬಿಗಿ, ಇಂಥದೇ ಕೋನ ಅನ್ನುವ ಕಟ್ಟುಪಾಡು ಇಲ್ಲ. ಬಿಚ್ಚಿ ಹಾಕುವವರಿಗೆ ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ.

ಪೆಡಲ್ ಮನೆಗೆ ಬಂದ ದಿನ ಒಂದು ಖರ್ಚು ನಾನು ಲೆಕ್ಕಕ್ಕೇ ಹಿಡಿದಿಲ್ಲ ಅಂತ ಗೊತ್ತಾಯಿತು. ಶೂ ತಳಕ್ಕೆ ಹಾಕಿ ಪೆಡಲ್‌ಗೆ ಸಿಕ್ಕಿಸುವ ತುಂಡಿಗೆ ಕ್ಲೀಟ್ ಅನ್ನುತ್ತಾರೆ. ನಮ್ಮಿಬ್ಬರ ಶೂಗಳಲ್ಲೂ ಇದ್ದದ್ದು ಶಿಮಾನೋದ ಹಳದಿ ಕ್ಲೀಟ್. ಈ ಪೆಡಲ್‌ಗೆ ಬೇಕಾದದ್ದು ಲುಕ್ ಕಂಪನಿಯ ಕಿಯೋ ಮಾದರಿಯ ಕ್ಲೀಟ್. ಪೆಡಲ್ ಜೊತೆ ಒಂದು ಜೊತೆ ಬಂದಿತ್ತು, ಅದು ಅವಳಿಗೆ. ನನಗೆ ಬೇರೆ ತರಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಭಾನುವಾರ ಮೀಟರ್ ನನ್ನ ಸೈಕಲ್‌ನಲ್ಲಿದ್ದಾಗ ಅವಳು ಒಂದು ಸುತ್ತು ಹೋಗಬೇಕೆಂದರೆ? ಹಳೇ ಶಿಮಾನೋ ಪೆಡಲ್‌ಗೆ ಹೊಸ ಕ್ಲೀಟ್ ಕೂರುವುದಿಲ್ಲ. ಸಾದಾ ಲುಕ್ ಪೆಡಲ್ ಒಂದು ಜೊತೆ ಬೇಕೇ ಬೇಕು. ಮೀಟರ್ ಹಂಚಿಕೊಳ್ಳಬೇಕು ಅನ್ನುವವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಹಳೇ ಕ್ಲೀಟ್ ಬಿಚ್ಚುವ ಮೊದಲು ಮಗಳು ಅದರ ಸುತ್ತ ಶೂ ತಳದ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಳು. ಹೊಸದು ಆಕಾರದಲ್ಲಿ ಬೇರೆ, ಆದರೂ ಪಾದದ ಉಬ್ಬು ಎಲ್ಲಿ ಬರಬೇಕು ಅನ್ನುವುದಕ್ಕೆ ಆ ಗೆರೆ ದಾರಿ ತೋರಿಸಿತು. ಪೆಡಲ್ ಬಿಚ್ಚುವುದನ್ನೂ ಅವಳಿಗೆ ಅವತ್ತೇ ಹೇಳಿಕೊಟ್ಟೆ. ಎಡ ಪೆಡಲ್‌ನ ತಿರುಪು ಉಲ್ಟಾ, ತುಳಿಯುವಾಗ ತಾನಾಗಿ ಬಿಚ್ಚಿಕೊಳ್ಳಬಾರದು ಅಂತ. ವಿಮಾನ ಮಾಡಿದ ರೈಟ್ ಸಹೋದರರು ಸೈಕಲ್ ಅಂಗಡಿ ನಡೆಸುತ್ತಿದ್ದಾಗ, 1900ರಲ್ಲಿ, ಎಡ ಪೆಡಲ್‌ಗೆ ಹೀಗೆ ಉಲ್ಟಾ ತಿರುಪು ಹಾಕಿ ಮಾರಿದ್ದರು. ನೆನಪಿಟ್ಟುಕೊಳ್ಳುವುದು ಸುಲಭ. ಕೀಯನ್ನು ಮೇಲಕ್ಕೆ ನಿಲ್ಲಿಸಿ, ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಸಡಿಲ. ಮುಂದಿನ ಚಕ್ರದ ಕಡೆ ಎಳೆದರೆ ಎರಡೂ ಬಿಗಿ.

ಮೊದಲ ವಾರವೇ ಚಾಮುಂಡಿ ಬೆಟ್ಟಕ್ಕೆ ಹೋದೆವು. ಬುಡದಲ್ಲಿ ನಾವು ಗುರುತು ಮಾಡಿಕೊಂಡ ಒಂದು ಕರೆಂಟ್ ಕಂಬ ಇದೆ. ಅಲ್ಲಿಂದ ಮೇಲಿನ ಪಾರ್ಕಿಂಗ್ ತನಕ ಅವಳು ಏರುವುದು, ನಾನು ಸ್ಕೂಟರಿನಲ್ಲಿ ಹಿಂದೆ. 17 ನಿಮಿಷ 20 ಸೆಕೆಂಡ್, ಸರಾಸರಿ 180 ವ್ಯಾಟ್. ನೋಟ್‌ಬುಕ್‌ನಲ್ಲಿ ಬರೆದುಕೊಂಡಳು.

ಮೂರು ವಾರ ಬಿಟ್ಟು ಒಂದು ಮಂಗಳವಾರ ಮತ್ತೆ ಏರಿದಳು. ಬೆಳಗ್ಗೆ ಆರು ಗಂಟೆ, ಎಲೆ ಅಲುಗಾಡುತ್ತಿರಲಿಲ್ಲ. ಮೇಲೆ ಬಂದವಳು ಇನ್ನೂ ಉಸಿರು ಸಿಗದೆ ಸೈಕಲ್ ಮೇಲಿನ ಪರದೆಯ ಕಡೆ ಕೈ ತೋರಿಸಿದಳು. 188! ಅವಳ ಮುಖ ನೋಡಬೇಕಿತ್ತು. ದೇವಸ್ಥಾನದ ಕಡೆ ತಿರುಗಿ ಒಂದು ಕೈ ಮುಗಿದಳು. ಇಬ್ಬರೂ ಟೀ ಕುಡಿದೆವು.

ಟೀ ಕುಡಿಯುತ್ತಾ ನಾನು ನನ್ನ ವಾಚ್ ನೋಡಿಕೊಂಡೆ. 17 ನಿಮಿಷ 22 ಸೆಕೆಂಡ್.

ಅಷ್ಟು ಹೊತ್ತಿಗೇ ಏನೋ ಕಸಿವಿಸಿ. ಅದೇ ಸೈಕಲ್, ಅದೇ ಏರು, ಅವಳ ತೂಕವೂ ಅಷ್ಟೇ. ಏರಿನಲ್ಲಿ 8 ವ್ಯಾಟ್ ಜಾಸ್ತಿ ತುಳಿದರೆ ಹತ್ತಿರ ಹತ್ತಿರ 40 ಸೆಕೆಂಡ್ ಉಳಿಯಬೇಕು. ಒಂದು ಸೆಕೆಂಡೂ ಉಳಿದಿಲ್ಲ. ಮನೆಗೆ ಬಂದು, ಅವಳು ಸ್ನಾನಕ್ಕೆ ಹೋದಾಗ, ಪೆಡಲ್‌ನ ಆ್ಯಪ್ ತೆರೆದೆ. ಕ್ರ್ಯಾಂಕ್ ಉದ್ದ: 172.5.

ಭಾನುವಾರ ನಾನು ನನ್ನ ಅಳತೆ ಹಾಕಿಕೊಂಡಿದ್ದೆ. ಮಧ್ಯಾಹ್ನ ಪೆಡಲ್ ಅವಳ ಸೈಕಲ್‌ಗೆ ಹಾಕಿದೆ, ಗ್ರೀಸ್ ಒರೆಸಿದೆ, ಅಳತೆ ಬದಲಿಸುವುದು ಮರೆತೆ. ಪೆಡಲ್‌ಗೆ ಗೊತ್ತಾಗುವುದು ನಾವು ಒತ್ತುವ ಬಲ, ಸುತ್ತುವ ವೇಗ ಮಾತ್ರ. ಆ ಬಲ ಎಷ್ಟು ಉದ್ದದ ಕ್ರ್ಯಾಂಕ್‌ನ ತುದಿಯಲ್ಲಿ ಬೀಳುತ್ತಿದೆ ಅಂತ ನಾವೇ ಹೇಳಬೇಕು. ಸ್ಪ್ಯಾನರ್ ಉದ್ದ ಇದ್ದಷ್ಟೂ ಅದೇ ಕೈಬಲಕ್ಕೆ ನಟ್ ಸುಲಭವಾಗಿ ತಿರುಗುತ್ತದೆ, ಅಲ್ವಾ? ಅದೇ ಲೆಕ್ಕ. ಚಿಕ್ಕ ಕ್ರ್ಯಾಂಕನ್ನು ದೊಡ್ಡದು ಅಂತ ಹೇಳಿದ್ದಕ್ಕೆ ಶೇಕಡ 4.5 ಜಾಸ್ತಿ ತೋರಿಸಿತ್ತು. 188ನ್ನು 165ರಿಂದ ಗುಣಿಸಿ 172.5ರಿಂದ ಭಾಗಿಸಿದೆ. 180 ಬಂತು. ಎರಡು ಸಲ ಮಾಡಿ ನೋಡಿದೆ.

ಅವಳಿಗೆ ಹೇಳಲೋ ಬೇಡವೋ ಅಂತ ಒಂದು ಗಳಿಗೆ ಅನ್ನಿಸಿದ್ದು ಹೌದು. ತಪ್ಪು ನನ್ನದು, ಖುಷಿ ಅವಳದ್ದು. ಆದರೆ ಮುಂದಿನ ತರಬೇತಿಯೆಲ್ಲ ಆ ನಂಬರಿನ ಮೇಲೆ ನಿಲ್ಲುತ್ತದೆ. ಇಲ್ಲದ ಬಲವನ್ನು ಇದೆ ಅಂದುಕೊಂಡು ದಿನಾ ತುಳಿದರೆ ಮೈ ಹಣ್ಣಾಗುತ್ತದೆ. ತಲೆ ಒರೆಸಿಕೊಳ್ಳುತ್ತಾ ಬಂದವಳಿಗೆ ಫೋನ್ ತೋರಿಸಿದೆ.

"ಪುಟ್ಟಿ, ನಾನು ಅಳತೆ ಬದಲಿಸೋದು ಮರೆತಿದ್ದೆ ಕಣೇ."

ಅವಳು ನೋಡಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಾಗಾದ್ರೆ ಮೂರು ವಾರದಲ್ಲಿ ಏನೂ ಆಗಿಲ್ಲ."

"ಇಲ್ಲ."

ಅವಳು ನೋಟ್‌ಬುಕ್ ತೆಗೆದು, 188ರ ಮೇಲೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆದು, ಪಕ್ಕದಲ್ಲಿ 180 ಅಂತ ಬರೆದಳು. ಆಮೇಲೆ ಕಂದು ಟೇಪ್ ಹುಡುಕಿ ಟೂಲ್ ಬಾಕ್ಸ್‌ನ ಮುಚ್ಚಳದ ಒಳಗಡೆ ಅಂಟಿಸಿ, ಮಾರ್ಕರ್‌ನಲ್ಲಿ ಎರಡು ಸಾಲು ಬರೆದಳು: ಅಪ್ಪ 172.5, ನಾನು 165. ಅದರ ಕೆಳಗೆ ಇನ್ನೊಂದು ಸಾಲು: ಝೀರೋ ಮಾಡು. ಪೆಡಲ್ ಬದಲಿಸಿದಾಗೆಲ್ಲ ಮಾಡಬೇಕಾದ ಕೆಲಸ ಅದು, ಭಾರ ಬಿಟ್ಟು ಮೀಟರನ್ನು ಸೊನ್ನೆಗೆ ತರುವುದು. ಕೋಚ್‌ಗೆ ನಾನೇ ಫೋನ್ ಮಾಡಿ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಎರಡು ವಾರ ಬಿಟ್ಟು ಮತ್ತ ಹತ್ಲಿ ಬಿಡ್ರಿ" ಅಂದರು.

ಎರಡು ವಾರ ಆದ ಮೇಲೆ, ಕರೆಂಟ್ ಕಂಬದ ಹತ್ತಿರ, ಅವಳು ಹೊರಡುವ ಮೊದಲು ಫೋನನ್ನು ನನ್ನ ಕಣ್ಣಿನ ಮುಂದೆ ಹಿಡಿದಳು. "165. ನೋಡ್ದ್ಯಾ ಅಪ್ಪಾ?"

"ನೋಡಿದೆ."

ಕ್ಲೀಟ್ ಟಕ್ ಅಂತ ಕೂತಿತು. ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಮೇಲೆ ಪಾರ್ಕಿಂಗ್‌ನಲ್ಲಿ ಅವಳು ಬ್ರೇಕ್ ಹಿಡಿದವಳೇ ಪರದೆ ನೋಡಲಿಲ್ಲ, ಮೊದಲು ನನ್ನ ವಾಚ್ ಕೇಳಿದಳು. 17 ನಿಮಿಷ 4 ಸೆಕೆಂಡ್. ಆಮೇಲೆ ಪರದೆ ನೋಡಿದಳು. 183.