ಎನ್‌ಕ್ರಿಪ್ಷನ್ ಚಿಪ್‌ನ ಡ್ರೈವರ್‌ಗೆ ಸ್ವಂತ ಸರತಿ ಏಕೆ ಬೇಡ?

ಲಿನಕ್ಸ್‌ನಲ್ಲಿ ಎನ್‌ಕ್ರಿಪ್ಷನ್ ಚಿಪ್‌ಗಳಿಗೆ ಡ್ರೈವರ್ ಬರೆಯಲು ಹೊರಟವರು ನನ್ನನ್ನು ಪದೇ ಪದೇ ಕೇಳುತ್ತಾರೆ: "ಒಂದು ಲಿಂಕ್ಡ್ ಲಿಸ್ಟ್, ಒಂದು ಸ್ಪಿನ್‌ಲಾಕ್ ಸಾಕಲ್ಲವೇ? ಕ್ರಿಪ್ಟೋ ಎಂಜಿನ್ ಏಕೆ?" (ಲಿಂಕ್ಡ್ ಲಿಸ್ಟ್ ಎಂದರೆ ಕೊಂಡಿಪಟ್ಟಿ, ಸ್ಪಿನ್‌ಲಾಕ್ ಅದನ್ನು ಕಾಯುವ ಬೀಗ; ಕ್ರಿಪ್ಟೋ ಎಂಜಿನ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುವ ಸಿದ್ಧ ಸರತಿ ವ್ಯವಸ್ಥೆ.)

ಸಾಲದು. ಎನ್‌ಕ್ರಿಪ್ಟ್ ಮಾಡಿಕೊಡೆಂಬ ವಿನಂತಿಯನ್ನು ಪಟ್ಟಿಗೆ ಸೇರಿಸಿ ತೆಗೆಯುವುದು ಯಾರಿಗಾದರೂ ಬರುತ್ತದೆ. ಡ್ರೈವರ್‌ಗಳು ಮುಗ್ಗರಿಸುವುದು ಸರತಿ ತುಂಬಿದ ಮೇಲೆ.

ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಲಿನಕ್ಸ್‌ನ ಡಿಎಂ-ಕ್ರಿಪ್ಟ್ ತನ್ನ ವಿನಂತಿಗಳಿಗೆ 'ಮೇ ಬ್ಯಾಕ್‌ಲಾಗ್' (ಜಾಗವಿಲ್ಲದಿದ್ದರೆ ಬಾಕಿ ಪಟ್ಟಿಯಲ್ಲಿ ಇಟ್ಟುಕೊ) ಎಂಬ ಗುರುತು ಹಚ್ಚಿ ಕಳಿಸುತ್ತದೆ. ಉತ್ತರವಾಗಿ 'ಇ-ಬಿಸಿ' ಬಂದರೆ, ಸರತಿ ತುಂಬಿದೆ, ಆದರೂ ನಿನ್ನ ವಿನಂತಿಯನ್ನು ಇಟ್ಟುಕೊಂಡಿದ್ದೇನೆ, ಸದ್ಯ ಮುಂದಿನದನ್ನು ಕಳಿಸಬೇಡ ಎಂದರ್ಥ. ಡಿಎಂ-ಕ್ರಿಪ್ಟ್ ಅದನ್ನು ನಂಬಿ ಕಾಯುತ್ತದೆ. ವಿನಂತಿ ಬ್ಯಾಕ್‌ಲಾಗ್‌ನಿಂದ ಮುಂದೆ ಸರಿದಾಗ 'ಇ-ಇನ್‌ಪ್ರೋಗ್ರೆಸ್' (ಕೆಲಸ ನಡೆಯುತ್ತಿದೆ) ಎಂದು ಒಮ್ಮೆ, ಕೆಲಸ ಮುಗಿದಾಗ ಮತ್ತೊಮ್ಮೆ ಡ್ರೈವರ್ ಕಾಲ್‌ಬ್ಯಾಕ್ ಮಾಡಲೇಬೇಕು, ಅಂದರೆ ಕಳಿಸಿದವರನ್ನು ಮರಳಿ ಕರೆದು ತಿಳಿಸಲೇಬೇಕು. ಮೊದಲನೆಯದು ತಪ್ಪಿದರೂ ಡಿಸ್ಕಿನ ಬರವಣಿಗೆ ಅಲ್ಲಿಗೇ ನಿಲ್ಲುತ್ತದೆ.

ಇದು ಬರಿಯ ಊಹೆಯಲ್ಲ. ಇಂಟೆಲ್‌ನ ಎನ್‌ಕ್ರಿಪ್ಷನ್ ವೇಗವರ್ಧಕವಾದ ಕ್ಯೂಎಟಿಯ ಡ್ರೈವರ್, ಯಂತ್ರಾಂಶದ ಸರತಿ ತುಂಬಿದಾಗ 'ಇ-ಬಿಸಿ' ಎನ್ನುತ್ತಿತ್ತು, ವಿನಂತಿಯನ್ನು ಮಾತ್ರ ಎಲ್ಲಿಯೂ ಇಟ್ಟುಕೊಳ್ಳುತ್ತಿರಲಿಲ್ಲ. ಚಿಪ್‌ಗೆ ತಲುಪದೇ ಹೋದ ಕೆಲಸಕ್ಕಾಗಿ ಡಿಎಂ-ಕ್ರಿಪ್ಟ್ ಕೊನೆಯಿಲ್ಲದೆ ಕಾಯುವ ಸ್ಥಿತಿ ಬರುತ್ತಿತ್ತು. 2022ರಲ್ಲಿ ಬ್ಯಾಕ್‌ಲಾಗ್ ವ್ಯವಸ್ಥೆ ಸೇರಿಸಿ ಅದನ್ನು ಸರಿಪಡಿಸಿದರು. ಅನುಭವಿಗಳ ಕೈಯಲ್ಲೇ ಹೀಗಾಗಿರುವಾಗ, ಮೊದಲ ಡ್ರೈವರ್ ಬರೆಯುವವರು ಈ ಹೊರೆ ಹೊರಬೇಕೆಂದು ನನಗೆ ಅನಿಸುವುದಿಲ್ಲ.

2016ರಲ್ಲಿ, 4.6ನೆಯ ಆವೃತ್ತಿಯಲ್ಲಿ ಕರ್ನಲ್ ಸೇರಿದ ಕ್ರಿಪ್ಟೋ ಎಂಜಿನ್ ಈ ಎಲ್ಲ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ. ಎಸ್‌ಟಿಎಂ32, ಆಲ್‌ವಿನ್ನರ್ ಚಿಪ್‌ಗಳ ಡ್ರೈವರ್‌ಗಳು ಇದನ್ನೇ ಬಳಸುತ್ತವೆ. ಇನ್ನೊಂದು ದೊಡ್ಡ ಅನುಕೂಲವಿದೆ. ಜಾಲದ ಪ್ಯಾಕೆಟ್‌ಗಳನ್ನು ಎನ್‌ಕ್ರಿಪ್ಟ್ ಮಾಡುವ ಐಪಿಸೆಕ್‌ನ ವಿನಂತಿಗಳು ಸಾಫ್ಟ್‌ಐಆರ್‌ಕ್ಯೂ ಸಂದರ್ಭದಲ್ಲೂ, ಅಂದರೆ ಕರ್ನಲ್ ತುರ್ತು ಕೆಲಸದಲ್ಲಿದ್ದು ನಿದ್ರಿಸಿ ಕಾಯಲಾಗದ ಹೊತ್ತಿನಲ್ಲೂ, ಬರುತ್ತವೆ. ಎಂಜಿನ್ ಅವನ್ನು ತನ್ನ ಕರ್ನಲ್ ಥ್ರೆಡ್‌ಗೆ (ಪ್ರತ್ಯೇಕವಾಗಿ ನಡೆಯುವ ಕೆಲಸದ ಎಳೆಗೆ) ವರ್ಗಾಯಿಸಿ, ಅಲ್ಲಿಂದ ಒಂದೊಂದು ವಿನಂತಿಯನ್ನು ನಡೆಸುವ ನಿಮ್ಮ 'ಡು ಒನ್ ರಿಕ್ವೆಸ್ಟ್' ಫಂಕ್ಷನ್ ಅನ್ನು ಕರೆಯುತ್ತದೆ. ಅಲ್ಲಿ ನೀವು ನಿರಾತಂಕವಾಗಿ ಕಾಯಬಹುದು. ಕೆಲಸ ಮುಗಿದಾಗ ಎಂಜಿನ್‌ಗೆ ಅದನ್ನು ತಿಳಿಸುವ ಫೈನಲೈಸ್ ಫಂಕ್ಷನ್ ಅನ್ನು ಕರೆಯಿರಿ, ಆಮೇಲೆ ಆ ವಿನಂತಿಯನ್ನು ಮುಟ್ಟಬೇಡಿ. ಅದನ್ನು ಕಳಿಸಿದವರು ಅದರ ಮೆಮೊರಿಯನ್ನು ಆಗಲೇ ಬಿಡುಗಡೆ ಮಾಡಿರಬಹುದು.

ನೂರಾರು ವಿನಂತಿಗಳನ್ನು ಒಟ್ಟಿಗೆ ನುಂಗುವ ಯಂತ್ರಾಂಶವಾದರೆ ಮಾತು ಬೇರೆ, ಅಲ್ಲಿ ಸ್ವಂತ ವ್ಯವಸ್ಥೆ ನ್ಯಾಯವೇ. ಹಾಗೆ ಬರೆದವರು ಕರ್ನಲ್‌ನ ಸ್ವಯಂಪರೀಕ್ಷೆ ಪಾಸಾಯಿತೆಂದು ನೆಮ್ಮದಿಯಾಗಿ ಕೂರಬಾರದು. ಅದು ಒಂದು ವಿನಂತಿ ಮುಗಿಯುವವರೆಗೆ ಕಾದು ಮುಂದಿನದನ್ನು ಕಳಿಸುತ್ತದೆ, ಆದ್ದರಿಂದ ಸರತಿ ತುಂಬುವುದೇ ಇಲ್ಲ. ಡಿಎಂ-ಕ್ರಿಪ್ಟ್ ಹಾಕಿದ ಡಿಸ್ಕಿಗೆ ಸಮಾನಾಂತರವಾಗಿ ಬರೆಯಿಸಿ ನೋಡಿ.