ಕಪಾಟಿನ ಬಾಗಿಲ ಮೇಲೊಬ್ಬ ಕಪಿಲ್ ದೇವ್

ಕಳೆದ ಬೇಸಿಗೆಯಲ್ಲಿ ಉಡುಪಿಯ ಕಡಿಯಾಳಿಯ ಮನೆಗೆ ಬಣ್ಣ ಹೊಡೆಸುವಾಗ ಹಳೆಯ ಮರದ ಕಪಾಟನ್ನೂ ಉಜ್ಜಲು ಹೇಳಿದ್ದೆ. ಬಾಗಿಲ ಒಳಬದಿಯಲ್ಲಿ ಏನೋ ಅಂಟಿದೆ, ಕೆರೆದು ತೆಗೆಯಲೇ ಎಂದು ಪೇಂಟಿನವರು ಕೇಳಿದರು. ಹೋಗಿ ನೋಡಿದರೆ ಕಪಿಲ್ ದೇವ್! ಒಂದು ಮೂಲೆಯನ್ನು ಜಿರಳೆ ತಿಂದಿತ್ತು, ಮೀಸೆ ಮಾತ್ರ ಹಾಗೆಯೇ ಇತ್ತು.

1987ರ ರಿಲಯನ್ಸ್ ವಿಶ್ವಕಪ್ ಸಮಯದಲ್ಲಿ ಅಣ್ಣನಿಗೆ ಬಿಗ್ ಫನ್ ಬಬಲ್ ಗಮ್ಮಿನ ಹುಚ್ಚು ಹಿಡಿದಿತ್ತು. ಗಮ್ಮಿನ ಜೊತೆ ಕ್ರಿಕೆಟಿಗನ ಚಿತ್ರದ ಕಾರ್ಡು, ಅದರ ಹಿಂದೆ ರನ್ನು. ರನ್ನು ಕೂಡಿಸಿ ಅಂಗಡಿಗೆ ಕೊಟ್ಟರೆ ಒಂದು ಪುಟ್ಟ ಪುಸ್ತಕ ಸಿಗುತ್ತಿತ್ತು. ಹೆಬ್ಬೆರಳಿನಿಂದ ಪುಟಗಳನ್ನು ಸರ್ರನೆ ಬಿಟ್ಟರೆ ಅದರೊಳಗಿನ ಆಟಗಾರ ಚೆಂಡು ಹೊಡೆಯುತ್ತಿದ್ದ. ಗಮ್ಮು ನುಂಗಿದರೆ ಕರುಳಿಗೆ ಅಂಟಿಕೊಳ್ಳುತ್ತದೆ ಎಂದು ಅಮ್ಮ ಹೆದರಿಸಿದ್ದರಿಂದ ಅರ್ಧ ಅಗಿದು ತೆಂಗಿನ ಬುಡಕ್ಕೆ ಉಗುಳುತ್ತಿದ್ದೆವು. ನಮಗೆ ಬೇಕಾದದ್ದು ಕಾರ್ಡು ತಾನೇ.

ಅಣ್ಣ ನೋಡುತ್ತಿದ್ದುದು ರನ್ನು, ನಾನು ನೋಡುತ್ತಿದ್ದುದು ಮುಖ. ನಮ್ಮ ಜಗಳದ ಮೂಲವೇ ಅದು. ಹೆಸರೇ ಕೇಳದ ಆಟಗಾರನ ಹಿಂದೆ ಆರು ರನ್ನಿದ್ದರೆ ಅವನಿಗೆ ಅದೇ ಬಂಗಾರ. ಕಾರ್ಡು ತುಂಬಿಡುವ ಬೋರ್ನ್‌ವಿಟಾ ಡಬ್ಬಿಯ ಯಜಮಾನ ಅವನು, ಉಸ್ತುವಾರಿ ನನ್ನದು. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಚರ್ಮದ ಬೆಲ್ಟಿಗೇ ಬೂಸ್ಟು ಬರುತ್ತದೆ, ಇನ್ನು ಕಾರ್ಡು ಯಾವ ಲೆಕ್ಕ? ಒಮ್ಮೆ ಬಚ್ಚಲೊಲೆಯ ಕಟ್ಟೆಯ ಮೇಲೆ ಒಣಗಲು ಇಟ್ಟು ಮರೆತೆ. ಶ್ರೀಕಾಂತ್ ಹಪ್ಪಳದ ಹಾಗೆ ಸುರುಟಿಕೊಂಡರು. ಅಣ್ಣ ಎರಡು ದಿನ ಮಾತು ಬಿಟ್ಟ.

ನವೆಂಬರ್ 5, ಇಂಗ್ಲೆಂಡ್ ವಿರುದ್ಧ ಮುಂಬೈಯಲ್ಲಿ ಸೆಮಿಫೈನಲ್. ಹೊಟ್ಟೆನೋವೆಂದು ಶಾಲೆ ತಪ್ಪಿಸಿದ ಅಣ್ಣ ರೇಡಿಯೊಗೆ ಕಿವಿ ಹಚ್ಚಿ ಮಲಗಿದ್ದ. ಹಿಂದಿಯ ವಿವರಣೆ ಅವನಿಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಜನರ ಗದ್ದಲದ ಏರಿಳಿತದಲ್ಲೇ ಆಟ ತಿಳಿಯುತ್ತದೆ ಎಂದು ಅವನ ವಾದ. ಗ್ರಹಾಂ ಗೂಚ್ ಸ್ವೀಪ್ ಮಾಡಿ ಮಾಡಿಯೇ 115 ಹೊಡೆದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅಣ್ಣನ ಕಣ್ಣು ಕೆಂಪಾಗಿತ್ತು. 30 ರನ್ ಹೊಡೆದಿದ್ದ ಕಪಿಲ್ ದೊಡ್ಡ ಹೊಡೆತಕ್ಕೆ ಹೋಗಿ ಗ್ಯಾಟಿಂಗ್ ಕೈಗೆ ಕ್ಯಾಚ್ ಕೊಟ್ಟಿದ್ದರು. 35 ರನ್ನಿನ ಸೋಲು. ಡಬ್ಬಿಯಿಂದ ಕಪಿಲ್ ಕಾರ್ಡನ್ನು ತೆಗೆದು ನನ್ನತ್ತ ಎಸೆದ: "ಒಲೆಗೆ ಹಾಕು ಇದನ್ನು!"

ನಾನು ಹಾಕಲಿಲ್ಲ. ಕುಚ್ಚಲಕ್ಕಿಯ ನಾಲ್ಕು ಅಗುಳನ್ನು ಬೆರಳಲ್ಲಿ ನುರಿದು ಹಿಂಬದಿಗೆ ಸವರಿ ನನ್ನ ಬಟ್ಟೆಯ ಕಪಾಟಿನೊಳಗೆ ಅಂಟಿಸಿದೆ. ವಾರ ಕಳೆದ ಮೇಲೆ ಅವನು ರನ್ನು ಎಣಿಸಿದ. ಪುಸ್ತಕಕ್ಕೆ ಒಂದೇ ಒಂದು ಕಡಿಮೆ. ಕಪಿಲ್ ಹಿಂದೆ ಇದ್ದದ್ದು ಸರಿಯಾಗಿ ಒಂದು! ಸುಟ್ಟೆನೆಂದು ಸುಳ್ಳು ಹೇಳಿದೆ. ಇನ್ನೊಂದು ಗಮ್ಮಿಗೆ ಅವನು ಅಪ್ಪನ ಅಂಗಿಯ ಜೇಬಿಗೆ ಕೈಹಾಕಿ ಸಿಕ್ಕಿಬಿದ್ದು ಪೆಟ್ಟು ತಿಂದದ್ದು ಬೇರೆ ಕಥೆ. ಕೊನೆಗೂ ಪುಸ್ತಕ ಬಂತು, ಡಬ್ಬಿ ಬರಿದಾಯಿತು. ಹೆಬ್ಬೆರಳ ಎಣ್ಣೆಜಿಡ್ಡಿಗೆ ಪುಟಗಳು ಅಂಟಿ, ಆಟಗಾರ ಬ್ಯಾಟು ಎತ್ತಿದಲ್ಲೇ ನಿಂತುಬಿಟ್ಟ.

ಬಣ್ಣದವರನ್ನು ತಡೆದು ಫೋಟೊ ತೆಗೆದು ಅಣ್ಣನ ಮಗನಿಗೆ ಕಳುಹಿಸಿದೆ. ಅಮೆರಿಕದಲ್ಲಿರುವ ಅವನಿಗೆ ಬೇಸ್‌ಬಾಲ್ ಕಾರ್ಡಿನ ಹುಚ್ಚು. ಅಲ್ಲಿಯೂ ಗಮ್ಮಿನದೇ ಕಥೆಯಂತೆ. ಟಾಪ್ಸ್ ಎಂಬ ಗಮ್ ಕಂಪನಿ 1952ರಲ್ಲಿ ತಂದ ಕಾರ್ಡುಗಳಲ್ಲಿ ಮಾರಾಟವಾಗದೆ ಉಳಿದ ರಾಶಿಯನ್ನು 1960ರಲ್ಲಿ ದೋಣಿಗೆ ತುಂಬಿಸಿ ಅಟ್ಲಾಂಟಿಕ್‌ಗೆ ಸುರಿಸಿದರಂತೆ. 1952ರದೇ ಆದ, ಮಿಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. "ಅತ್ತೆ, ಮೂಲೆ ಚೂಪಾಗಿರಬೇಕು, ಬೆರಳಿನ ಗುರುತೂ ಇರಬಾರದು. ನಿಮ್ಮದಕ್ಕೆ ಅನ್ನ ಮೆತ್ತಿದ್ದೀರಿ," ಎಂದು ನಕ್ಕ. ಬೆರಳು ತಾಗಿಸದೆ ಕಾರ್ಡು ಕೂಡಿಡುವುದು ಎಂಥ ಆಟವೋ, ನನಗಂತೂ ತಿಳಿಯಲಿಲ್ಲ.

ರಾತ್ರಿ ಅಣ್ಣನ ಫೋನು ಬಂತು. ಫೋಟೊ ಅವನಿಗೂ ತಲುಪಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಸುಟ್ಟೆ ಎಂದಿದ್ದೆಯಲ್ಲ ಮಾರಾಯ್ತಿ," ಎಂದ. "ಆ ಒಂದು ರನ್ನಿಗೆ ನಾನು ಅಪ್ಪನ ಕೈಯಲ್ಲಿ ಪೆಟ್ಟು ತಿಂದಿದ್ದೇನೆ."